ಕಾನೂನು ಕೇಳಿ: ಲೈಂಗಿಕ ವೃತ್ತಿ ಅಪರಾಧದ ಪಟ್ಟಿಯಿಂದ ಹೊರಬಂದರೆ

ಹಿಂದಿನ ಸಂಚಿಕೆಯಲ್ಲಿ, ಲೈಂಗಿಕ ವೃತ್ತಿಗೆ ಸಂಬಂಧಿಸಿದ 1956ರ ಅನೈತಿಕ ವ್ಯವಹಾರ ತಡೆ ಕಾಯ್ದೆಯ ಬಗ್ಗೆ ಪ್ರಕಟವಾದ ಚಿಕ್ಕ ಟಿಪ್ಪಣಿಗೆ ನಿರೀಕ್ಷೆ ಮೀರಿ ಪತ್ರಗಳು ಬಂದಿವೆ. ಕೆಲವು ಕೋಪದಿಂದ, ಕೆಲವು ಕುತೂಹಲದಿಂದ, ಒಂದೆರಡು ಭಯದಿಂದ ಬರೆದವು. ಎಲ್ಲವೂ ಒಂದೇ ವಿಷಯದ ಸುತ್ತ ಇರುವುದರಿಂದ ಈ ಬಾರಿಯ ಅಂಕಣವನ್ನು ಅವುಗಳಿಗೇ ಮೀಸಲಿಟ್ಟಿದ್ದೇನೆ. ಬರೆದವರ ಹೆಸರು ಕೈಬಿಟ್ಟು ಊರನ್ನಷ್ಟೇ ಉಳಿಸಿಕೊಂಡಿದ್ದೇನೆ. ಒಂದು ಪತ್ರದಲ್ಲಿ ಊರನ್ನೂ ಬಿಟ್ಟಿದ್ದೇನೆ.

ಪ್ರಶ್ನೆ: 2022ರಲ್ಲಿ ಸುಪ್ರೀಂ ಕೋರ್ಟ್ ಲೈಂಗಿಕ ವೃತ್ತಿಯನ್ನು ಕಾನೂನುಬದ್ಧಗೊಳಿಸಿತೆಂದು ಪತ್ರಿಕೆಗಳಲ್ಲಿ ಓದಿದ್ದೆ. ಆದರೆ ಲಾಡ್ಜ್‌ಗಳ ಮೇಲೆ ದಾಳಿ ನಡೆದ ಸುದ್ದಿ ಈಗಲೂ ಬರುತ್ತಲೇ ಇದೆ. ಇವೆರಡರಲ್ಲಿ ಯಾವುದು ನಿಜ? — ಓದುಗರು, ಹುಬ್ಬಳ್ಳಿ

ಉತ್ತರ: ದಾಳಿಯ ಸುದ್ದಿ ನಿಜ, ಕಾನೂನುಬದ್ಧಗೊಳಿಸಿದ ಸುದ್ದಿ ಅರ್ಧ ನಿಜವೂ ಅಲ್ಲ. ವಯಸ್ಕ ಹೆಂಗಸೊಬ್ಬಳು ಹಣ ಪಡೆದು ಲೈಂಗಿಕ ಸಂಪರ್ಕ ಹೊಂದುವುದು ಮಾತ್ರವೇ ನಮ್ಮ ದೇಶದಲ್ಲಿ ಹಿಂದೆಯೂ ಅಪರಾಧವಾಗಿರಲಿಲ್ಲ, ಈಗಲೂ ಅಲ್ಲ. 1956ರ ಕಾಯ್ದೆಯನ್ನು ಕಲಂ ಕಲಂ ಆಗಿ ಓದಿದರೂ ಆ ಕೃತ್ಯಕ್ಕೇ ಶಿಕ್ಷೆ ವಿಧಿಸುವ ವಾಕ್ಯ ಸಿಗುವುದಿಲ್ಲ. ಆದರೆ ಆ ಕೆಲಸ ಮಾಡಲು ಬೇಕಾದ ಪ್ರತಿಯೊಂದೂ, ಅಂದರೆ ಕೋಣೆ, ಬಾಡಿಗೆ, ಗಿರಾಕಿಯನ್ನು ಕರೆಯುವ ಮಾತು, ಜೊತೆಗಿರುವ ಗೆಳತಿ, ಮನೆಯಲ್ಲಿ ಉಣ್ಣುವ ಮಂದಿ, ಒಂದಲ್ಲ ಒಂದು ಕಲಮಿನ ಬಲೆಗೆ ಬೀಳುತ್ತವೆ. ವೇಶ್ಯಾಗೃಹ ನಡೆಸುವುದು 3ನೇ ಕಲಂ, ಇನ್ನೊಬ್ಬರ ಈ ಸಂಪಾದನೆಯಲ್ಲಿ ಬದುಕುವುದು 4ನೇ ಕಲಂ, ಕರೆದು ತರುವುದು 5ನೇ ಕಲಂ, ಸಾರ್ವಜನಿಕ ಸ್ಥಳದಲ್ಲಿ ಗಿರಾಕಿಯನ್ನು ಸೆಳೆಯುವುದು 8ನೇ ಕಲಂ. ದೇವಾಲಯ, ಶಾಲೆ, ಹಾಸ್ಟೆಲು, ಆಸ್ಪತ್ರೆಗಳಿಂದ 200 ಮೀಟರಿನೊಳಗೆ ವೃತ್ತಿ ನಡೆಸುವುದು 7ನೇ ಕಲಂ. ಇವುಗಳಲ್ಲಿ ಒಂದರಿಂದಲೂ 200 ಮೀಟರ್ ದೂರದಲ್ಲಿರುವ ಮನೆ ನಮ್ಮ ಊರುಗಳಲ್ಲಿ ಎಲ್ಲಿದೆಯೆಂದು ಯಾರಾದರೂ ಅಳೆದು ತೋರಿಸಿದರೆ ನಾನೂ ಹೋಗಿ ನೋಡಿ ಬರುತ್ತೇನೆ.

ಇನ್ನು 2022ರ ಆದೇಶದ ಮಾತು. 1999ರಲ್ಲಿ ಕೋಲ್ಕತ್ತದಲ್ಲಿ ಲೈಂಗಿಕ ಕಾರ್ಯಕರ್ತೆಯೊಬ್ಬಳ ಕೊಲೆ ನಡೆಯಿತು. ಅಪರಾಧಿ ಬುದ್ಧದೇವ್ ಕರ್ಮಾಸ್ಕರನ ಮೇಲ್ಮನವಿಯನ್ನು 2011ರಲ್ಲಿ ವಜಾ ಮಾಡಿದ ಸುಪ್ರೀಂ ಕೋರ್ಟ್, ಅದೇ ಪ್ರಕರಣವನ್ನು ಸಾರ್ವಜನಿಕ ಹಿತಾಸಕ್ತಿ ಅರ್ಜಿಯಾಗಿ ಪರಿವರ್ತಿಸಿ, ಈ ವೃತ್ತಿಯಲ್ಲಿರುವವರ ಸ್ಥಿತಿಗತಿಯ ಬಗ್ಗೆ ಸಲಹೆ ನೀಡಲು ಸಮಿತಿಯೊಂದನ್ನು ನೇಮಿಸಿತು. ಸಮಿತಿಯು ಹತ್ತು ಶಿಫಾರಸುಗಳನ್ನು ಮಾಡಿತು. 2022ರ ಮೇ 19ರಂದು ನ್ಯಾಯಮೂರ್ತಿಗಳಾದ ಎಲ್. ನಾಗೇಶ್ವರ ರಾವ್, ಬಿ.ಆರ್. ಗವಾಯಿ ಮತ್ತು ನಮ್ಮ ಕೊಡಗಿನವರಾದ ಎ.ಎಸ್. ಬೋಪಣ್ಣ ಅವರ ಪೀಠವು ಅವುಗಳಲ್ಲಿ ಆರನ್ನು ಮಾತ್ರ ಕಡ್ಡಾಯವಾಗಿ ಪಾಲಿಸಬೇಕೆಂದು ಆದೇಶಿಸಿತು. ಅತ್ಯಾಚಾರಕ್ಕೊಳಗಾದ ಲೈಂಗಿಕ ಕಾರ್ಯಕರ್ತೆಗೂ ಎಲ್ಲರಿಗೆ ಸಿಗುವ ವೈದ್ಯಕೀಯ ನೆರವು ಸಿಗಬೇಕು, ಪೊಲೀಸರು ಘನತೆಯಿಂದ ವರ್ತಿಸಬೇಕು, ಕಾಂಡೋಮ್ ಇಟ್ಟುಕೊಂಡಿರುವುದನ್ನು ಅಪರಾಧದ ಸಾಕ್ಷ್ಯವೆಂದು ಬಳಸಬಾರದು, ಇಚ್ಛೆಗೆ ವಿರುದ್ಧವಾಗಿ ರಕ್ಷಣಾ ಗೃಹಗಳಲ್ಲಿ ಇರಿಸಲಾಗಿರುವ ವಯಸ್ಕ ಹೆಂಗಸರ ಪ್ರಕರಣಗಳನ್ನು ಪರಿಶೀಲಿಸಬೇಕು ಎಂಬವು ಆ ಆರರಲ್ಲಿ ಸೇರಿವೆ. ಆದರೆ ವಯಸ್ಕರು ಒಪ್ಪಿಗೆಯಿಂದ ವೃತ್ತಿ ನಡೆಸುತ್ತಿದ್ದರೆ ಪೊಲೀಸರು ಮಧ್ಯಪ್ರವೇಶಿಸಬಾರದೆಂಬ ಮೊದಲನೆಯ ಶಿಫಾರಸು ಮತ್ತು ದಾಳಿಯ ಸಮಯದಲ್ಲಿ ಅವರನ್ನು ಬಂಧಿಸಬಾರದೆಂಬ ಮೂರನೆಯ ಶಿಫಾರಸು ಆ ಆರರಲ್ಲಿ ಇಲ್ಲ. ಕೇಂದ್ರ ಸರ್ಕಾರವು ಉಳಿದ ಕೆಲವು ಶಿಫಾರಸುಗಳ ಬಗ್ಗೆ ತನ್ನ ಆಕ್ಷೇಪವನ್ನು ನ್ಯಾಯಾಲಯಕ್ಕೆ ತಿಳಿಸಿತ್ತು. ಪತ್ರಿಕೆಗಳು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿದ್ದು ಮಾತ್ರ ಇವೆರಡನ್ನೇ.

ಪ್ರಶ್ನೆ: ಅಪರಾಧಮುಕ್ತಗೊಳಿಸುವುದು ಮತ್ತು ಕಾನೂನುಬದ್ಧಗೊಳಿಸುವುದು ಒಂದೇ ಅಲ್ಲವೇ? ಸುಮ್ಮನೆ ಪದಗಳ ಜಗಳವೆಂದು ನನಗೆ ತೋರುತ್ತದೆ. — ನಿವೃತ್ತ ಉಪನ್ಯಾಸಕರು, ಶಿವಮೊಗ್ಗ

ಉತ್ತರ: ಪದಗಳ ಜಗಳವಲ್ಲ, ಲಗಾಮು ಯಾರ ಕೈಯಲ್ಲಿರಬೇಕೆಂಬ ಜಗಳ. ಕಾನೂನುಬದ್ಧಗೊಳಿಸುವುದೆಂದರೆ ಸರ್ಕಾರವು ಈ ವೃತ್ತಿಗೆಂದೇ ಪ್ರತ್ಯೇಕ ಪರವಾನಗಿ, ನೋಂದಣಿ, ವಲಯ, ತಪಾಸಣೆಗಳ ವ್ಯವಸ್ಥೆ ಮಾಡಿ, ಅದರೊಳಗೆ ಇರುವವರನ್ನು ಸಕ್ರಮ, ಹೊರಗಿರುವವರನ್ನು ಅಕ್ರಮ ಎಂದು ವಿಂಗಡಿಸುವುದು. ಅಮೆರಿಕದ ನೆವಾಡ ರಾಜ್ಯದ ಕೆಲವು ಗ್ರಾಮೀಣ ಕೌಂಟಿಗಳಲ್ಲಿ ಪರವಾನಗಿ ಪಡೆದ ವೇಶ್ಯಾಗೃಹದೊಳಗೆ, ನಿಯತವಾಗಿ ವೈದ್ಯಕೀಯ ತಪಾಸಣೆಗೆ ಒಳಗಾಗಿ ಕೆಲಸ ಮಾಡಿದರೆ ಅದು ಸಕ್ರಮ. ಅದೇ ಹೆಂಗಸು ಅದರಾಚೆ ತಾನಾಗಿ ದುಡಿದರೆ ಅಪರಾಧಿ. ಜರ್ಮನಿಯು 2002ರಲ್ಲಿ ವೃತ್ತಿಯನ್ನು ಮಾನ್ಯ ಮಾಡಿ, 2017ರಲ್ಲಿ ಪ್ರತಿಯೊಬ್ಬರೂ ಹೆಸರು ನೋಂದಾಯಿಸಿ ಗುರುತಿನ ಪತ್ರ ಪಡೆಯಬೇಕೆಂಬ ಇನ್ನೊಂದು ಕಾನೂನು ತಂದಿತು. ಸರ್ಕಾರಿ ಕಡತದಲ್ಲಿ ತನ್ನ ಹೆಸರು ಈ ವೃತ್ತಿಯ ಮುಂದೆ ಅಚ್ಚಾಗುವುದನ್ನು ಬಯಸುವ ತಾಯಿ ಎಷ್ಟು ಮಂದಿ ಇರಬಹುದು? ನೋಂದಣಿಯಿಂದ ದೂರ ಉಳಿದವಳು ಮತ್ತೆ ಕತ್ತಲಿಗೆ ಸರಿಯುತ್ತಾಳೆ, ಅಲ್ಲಿ ದಲ್ಲಾಳಿ ಕಾದಿರುತ್ತಾನೆ.

ಅಪರಾಧಮುಕ್ತಗೊಳಿಸುವುದು ಇದಕ್ಕಿಂತ ಭಿನ್ನ. ವಯಸ್ಕರ ನಡುವಿನ ಒಪ್ಪಿತ ವ್ಯವಹಾರಕ್ಕೆ ಸಂಬಂಧಿಸಿದ ದಂಡನೆಗಳನ್ನು ತೆಗೆದುಹಾಕಿ, ಬೇರೆ ಕೆಲಸಗಳಿಗೆ ಅನ್ವಯಿಸುವ ಕಾರ್ಮಿಕ ಕಾನೂನು, ಬಾಡಿಗೆ ಕಾನೂನು, ಪುರಸಭೆಯ ನಿಯಮಗಳನ್ನೇ ಇದಕ್ಕೂ ಅನ್ವಯಿಸುವುದು ಅದರ ತಿರುಳು. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯ ಈ ದಾರಿ ಹಿಡಿದದ್ದು 1995ರಲ್ಲಿ, ಅದೂ ಹೆಂಗಸರ ಮೇಲಿನ ಕರುಣೆಯಿಂದಲ್ಲ. ಪೊಲೀಸ್ ಇಲಾಖೆಯ ಭ್ರಷ್ಟಾಚಾರದ ವಿಚಾರಣೆಗೆ ನೇಮಕಗೊಂಡ ನ್ಯಾಯಮೂರ್ತಿ ಜೇಮ್ಸ್ ವುಡ್ ಆಯೋಗದ ಮುಂದೆ, ವೇಶ್ಯಾಗೃಹಗಳಿಂದ ಪೊಲೀಸರು ಪಡೆಯುತ್ತಿದ್ದ ಲಂಚದ ಕಥೆಗಳು ಒಂದರ ಹಿಂದೊಂದು ಹೊರಬಂದವು. ನಮ್ಮ ಮಾತಿನಲ್ಲಿ ಹೇಳುವುದಾದರೆ ಮಾಮೂಲಿ. ಅಪರಾಧವೆಂಬ ಹಣೆಪಟ್ಟಿ ಇರುವವರೆಗೆ ಮಾಮೂಲಿ ನಿಲ್ಲದೆಂದು ಅಲ್ಲಿನ ಸರ್ಕಾರ ಅರಿತು, ಅಡ್ಡೆಗಳ ಮೇಲ್ವಿಚಾರಣೆಯನ್ನು ಠಾಣೆಯಿಂದ ಸ್ಥಳೀಯ ಆಡಳಿತದ ಯೋಜನಾ ವಿಭಾಗಕ್ಕೆ ವರ್ಗಾಯಿಸಿತು.

ಇದಕ್ಕಿಂತ ಪೂರ್ಣವಾದ ಮಾದರಿ ನ್ಯೂಜಿಲೆಂಡಿನದು. 2003ರ ಜೂನ್ 25ರಂದು ಅಲ್ಲಿನ ಸಂಸತ್ತು ಸುಧಾರಣಾ ಕಾಯ್ದೆಯನ್ನು 60ಕ್ಕೆ 59 ಮತಗಳಿಂದ ಅಂಗೀಕರಿಸಿತು. ಒಬ್ಬ ಸದಸ್ಯರು ತಟಸ್ಥರಾಗಿ ಉಳಿದರು. ನಾಲ್ವರವರೆಗೆ ಒಂದೆಡೆ ಸೇರಿ, ಯಾರೂ ಯಾರಿಗೂ ಮಾಲೀಕರಾಗದೆ, ಪರವಾನಗಿಯಿಲ್ಲದೆ ದುಡಿಯಬಹುದು. ಇತರರನ್ನು ಇಟ್ಟುಕೊಂಡು ವ್ಯವಹಾರ ನಡೆಸುವವನು ಮಾತ್ರ ನ್ಯಾಯಾಲಯದ ರಿಜಿಸ್ಟ್ರಾರರಿಂದ ಪ್ರಮಾಣಪತ್ರ ಪಡೆಯಬೇಕು. ಗಂಭೀರ ಅಪರಾಧಗಳಲ್ಲಿ ಶಿಕ್ಷೆಯಾದವನಿಗೆ ಅದು ಸಿಗುವುದಿಲ್ಲ. ಅಂದರೆ ಕಾನೂನಿನ ಕಣ್ಣು ದುಡಿಯುವವಳ ಮೇಲಲ್ಲ, ದುಡಿಸಿಕೊಳ್ಳುವವನ ಮೇಲೆ. ಒಪ್ಪಂದವಾಗಿದ್ದರೂ ಯಾವ ಗಿರಾಕಿಯನ್ನಾದರೂ, ಯಾವ ಕ್ಷಣದಲ್ಲಾದರೂ ನಿರಾಕರಿಸುವ ಹಕ್ಕು 17ನೇ ಕಲಮಿನಲ್ಲಿದೆ. ಈ ಕೆಲಸ ಬಿಟ್ಟವರಿಗೆ ಅಥವಾ ಒಲ್ಲೆನೆಂದವರಿಗೆ ಸರ್ಕಾರಿ ನಿರುದ್ಯೋಗ ನೆರವನ್ನು ತಡೆಯುವಂತಿಲ್ಲ ಎಂದು 18ನೇ ಕಲಂ ಹೇಳುತ್ತದೆ. 2014ರಲ್ಲಿ ವೆಲಿಂಗ್ಟನ್ನಿನ ಒಬ್ಬ ಕಾರ್ಯಕರ್ತೆ ತನ್ನ ಮಾಲೀಕನ ವಿರುದ್ಧವೇ ಲೈಂಗಿಕ ಕಿರುಕುಳದ ದೂರು ಹೂಡಿ, ಮಾನವ ಹಕ್ಕುಗಳ ನ್ಯಾಯಮಂಡಳಿಯಿಂದ 25,000 ಡಾಲರ್ ಪರಿಹಾರ ಪಡೆದಳು. ವೃತ್ತಿಯೇ ಅಪರಾಧದ ನೆರಳಿನಲ್ಲಿರುವ ನಾಡಿನಲ್ಲಿ ಇಂಥ ದೂರನ್ನು ಬರೆದುಕೊಳ್ಳುವ ಗುಮಾಸ್ತನೂ ಸಿಗುವುದಿಲ್ಲ.

ಇತ್ತೀಚಿನದು ಬೆಲ್ಜಿಯಂ. 2022ರಲ್ಲಿ ಅಪರಾಧದ ಪಟ್ಟಿಯಿಂದ ತೆಗೆದು, 2024ರ ಡಿಸೆಂಬರ್ 1ರಿಂದ ಉದ್ಯೋಗ ಒಪ್ಪಂದ, ಹೆರಿಗೆ ರಜೆ, ಪಿಂಚಣಿಗಳನ್ನೂ ವಿಸ್ತರಿಸಿತು. ಕೆಲಸದ ಕೋಣೆಯಲ್ಲಿ ತುರ್ತು ಕರೆಗಂಟೆ ಇರಲೇಬೇಕು.

ತಪಾಸಣೆ ಕಡ್ಡಾಯವಾಗದಿದ್ದರೆ ರೋಗ ಹರಡದೇ ಎಂದು ನೀವು ಪತ್ರದ ಅಂಚಿನಲ್ಲಿ ಕೇಳಿದ್ದೀರಿ. ವಿಶ್ವ ಆರೋಗ್ಯ ಸಂಸ್ಥೆಯು 2012ರ ಮಾರ್ಗಸೂಚಿಯಲ್ಲೇ ಅಪರಾಧಮುಕ್ತಗೊಳಿಸುವ ಕಡೆಗೆ ಸಾಗಬೇಕೆಂದು ಹೇಳಿದೆ. 2014ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಈ ಒಂದೇ ಕ್ರಮದಿಂದ ಹತ್ತು ವರ್ಷಗಳಲ್ಲಿ ಶೇ 33ರಿಂದ 46ರಷ್ಟು ಎಚ್‌ಐವಿ ಸೋಂಕನ್ನು ತಡೆಯಬಹುದೆಂದು ಲೆಕ್ಕ ಹಾಕಿತು. ಆ ಲೆಕ್ಕಕ್ಕೆ ಆಧಾರವಾಗಿ ತೆಗೆದುಕೊಂಡ ಮೂರು ಊರುಗಳು ಕೆನಡಾದ ವ್ಯಾಂಕೂವರ್, ಕೀನ್ಯಾದ ಮೊಂಬಾಸ ಮತ್ತು ನಮ್ಮ ಬಳ್ಳಾರಿ. ಅದು ಗಣಿತದ ಮಾದರಿ, ಕಣ್ಣಾರೆ ಕಂಡ ಫಲಿತಾಂಶವಲ್ಲ ಎಂಬ ಎಚ್ಚರಿಕೆಯೊಂದಿಗೆ ಇದನ್ನು ಹೇಳುತ್ತಿದ್ದೇನೆ.

ಪ್ರಶ್ನೆ: ನಾನು ಈ ವೃತ್ತಿಯಲ್ಲಿ ಹನ್ನೆರಡು ವರ್ಷದಿಂದ ಇದ್ದೇನೆ. ಒಂಟಿಯಾಗಿರಲು ಹೆದರಿಕೆಯಾಗಿ ಗೆಳತಿಯೊಬ್ಬಳ ಜೊತೆ ಬಾಡಿಗೆ ಮನೆಯಲ್ಲಿದ್ದೇನೆ. ಬಾಡಿಗೆ ಇಬ್ಬರೂ ಹಂಚಿಕೊಳ್ಳುತ್ತೇವೆ. ನನ್ನ ಮಗನಿಗೆ ಈಗ 19 ವರ್ಷ, ಪದವಿ ಓದುತ್ತಿದ್ದಾನೆ. ನನ್ನಿಂದ ಅವನಿಗೆ ತೊಂದರೆಯಾಗಬಹುದೆಂದು ಯಾರೋ ಹೇಳಿದರು. ಕಾನೂನು ಬದಲಾದರೆ ನಮ್ಮಂಥವರಿಗೆ ಏನು ಬದಲಾಗುತ್ತದೆ? — ಹೆಸರು, ಊರು ಬೇಡ

ಉತ್ತರ: ತಾವು ಬರೆದ ಎಂಟು ಸಾಲುಗಳು ಈ ಚರ್ಚೆಯ ನಡುಮಧ್ಯದಲ್ಲೇ ನಿಂತಿವೆ. ಈಗಿನ ಸ್ಥಿತಿಯನ್ನು ಮುಚ್ಚಿಡದೆ ಹೇಳುತ್ತೇನೆ.

ಕಾಯ್ದೆಯ 2ನೇ ಕಲಮಿನ ವ್ಯಾಖ್ಯಾನದ ಪ್ರಕಾರ, ಇನ್ನೊಬ್ಬರ ಲಾಭಕ್ಕಾಗಿ ಬಳಸುವ ಮನೆ ಮಾತ್ರವಲ್ಲ, ಇಬ್ಬರು ಅಥವಾ ಹೆಚ್ಚು ಹೆಂಗಸರು ತಮ್ಮ ಪರಸ್ಪರ ಲಾಭಕ್ಕಾಗಿ ಬಳಸುವ ಮನೆ ಅಥವಾ ಕೋಣೆ ಸಹ ವೇಶ್ಯಾಗೃಹವೇ. ತಾವೊಬ್ಬರೇ ಇದ್ದರೆ ಆ ಮನೆ ಈ ವ್ಯಾಖ್ಯಾನದಿಂದ ಹೊರಗೆ. ಗೆಳತಿ ಬಂದ ದಿನದಿಂದ ಒಳಗೆ. ಅಂದರೆ ಸುರಕ್ಷತೆಗಾಗಿ ತಾವು ಮಾಡಿಕೊಂಡ ಏರ್ಪಾಡೇ ತಮ್ಮನ್ನು ವೇಶ್ಯಾಗೃಹ ನಡೆಸಿದ ಆರೋಪಕ್ಕೆ ಗುರಿಮಾಡುತ್ತದೆ. ಅದಕ್ಕೆ ಮೊದಲ ಬಾರಿಗೆ ಕನಿಷ್ಠ ಒಂದು ವರ್ಷ, ಗರಿಷ್ಠ ಮೂರು ವರ್ಷಗಳ ಕಠಿಣ ಸೆರೆವಾಸವಿದೆ. ಇದು ನಮ್ಮಲ್ಲಿ ಮಾತ್ರ ಇರುವ ವಿಪರ್ಯಾಸವಲ್ಲ. ಐರ್ಲೆಂಡಿನಲ್ಲಿ 2019ರಲ್ಲಿ ಒಂದೇ ಮನೆಯಲ್ಲಿ ಕೆಲಸ ಮಾಡುತ್ತಿದ್ದ ಇಬ್ಬರು ವಲಸೆ ಯುವತಿಯರಿಗೆ ಇದೇ ಬಗೆಯ ಆರೋಪದ ಮೇಲೆ ತಲಾ ಒಂಬತ್ತು ತಿಂಗಳ ಸೆರೆವಾಸ ವಿಧಿಸಲಾಯಿತು, ಅವರಲ್ಲೊಬ್ಬಳು ಗರ್ಭಿಣಿ. ನ್ಯೂಜಿಲೆಂಡಿನ ನಾಲ್ವರ ನಿಯಮವನ್ನು ಮೇಲೆ ವಿವರವಾಗಿ ಹೇಳಲು ಕಾರಣ ಇದೇ. ಕಾನೂನು ಬದಲಾದರೆ ತಮ್ಮ ಬದುಕಿನಲ್ಲಿ ಮೊತ್ತಮೊದಲು ಬದಲಾಗಬೇಕಾದದ್ದು ಇದು: ಜೊತೆಗಿರುವುದು ಅಪರಾಧವಾಗಬಾರದು.

ಮಗನ ವಿಷಯ. 18 ವರ್ಷ ಮೀರಿದ ಯಾರೇ ಆಗಲಿ, ಇನ್ನೊಬ್ಬರ ಈ ವೃತ್ತಿಯ ಗಳಿಕೆಯಲ್ಲಿ ಪೂರ್ಣವಾಗಿ ಅಥವಾ ಭಾಗಶಃ ತಿಳಿದೂ ಬದುಕುತ್ತಿದ್ದರೆ 4ನೇ ಕಲಮಿನಡಿ ಎರಡು ವರ್ಷದವರೆಗೆ ಸೆರೆವಾಸ ವಿಧಿಸಬಹುದು. ಆ ಹೆಂಗಸಿನೊಂದಿಗೆ ವಾಸಿಸುತ್ತಿದ್ದಾನೆಂದು ಸಾಬೀತಾದರೆ ಸಾಕು, ಅವಳ ಗಳಿಕೆಯಲ್ಲೇ ಬದುಕುತ್ತಿದ್ದಾನೆಂದು ನ್ಯಾಯಾಲಯವು ಭಾವಿಸಬೇಕು. ಅಲ್ಲವೆಂದು ತೋರಿಸುವ ಹೊಣೆ ಅವನದು. ದಲ್ಲಾಳಿಗಳನ್ನು ಹಿಡಿಯಲು ಬರೆದ ಈ ಕಲಮಿನಲ್ಲಿ ಮಗನಿಗೆ, ವಯಸ್ಸಾದ ತಾಯಿಗೆ, ಅಂಗವಿಕಲ ತಮ್ಮನಿಗೆ ವಿನಾಯಿತಿಯ ಒಂದು ಮಾತೂ ಇಲ್ಲ. ಓದುವ ಹುಡುಗನ ಮೇಲೆ ಇದನ್ನು ಹೂಡುವುದು ಕ್ರೌರ್ಯವೆಂದು ನಾನು ಹೇಳಬಲ್ಲೆ. ಹೂಡಲು ಸಾಧ್ಯವಿಲ್ಲವೆಂದು ಹೇಳಲಾರೆ. ಠಾಣೆಯಲ್ಲಿ ಬೆದರಿಸಿ ಹಣ ಕೀಳುವವರಿಗೆ ಬೇಕಾಗಿರುವುದು ಈ ಸಾಧ್ಯತೆಯೇ, ಮೊಕದ್ದಮೆಯಲ್ಲ.

ಮನೆಯ ಮಾಲೀಕರೂ ಈ ಬಲೆಯಲ್ಲಿದ್ದಾರೆ. ತಿಳಿದೂ ಮನೆ ಕೊಟ್ಟವನಿಗೆ ಶಿಕ್ಷೆಯಿದೆ. ದಾಳಿಯಲ್ಲಿ ಆ ಮನೆ ಸಿಕ್ಕಿಬಿದ್ದ ವರದಿ ಸ್ಥಳೀಯ ಪತ್ರಿಕೆಯಲ್ಲಿ ಬಂದಿದ್ದರೆ ಅವನಿಗೆ ಗೊತ್ತಿತ್ತೆಂದೇ ಕಾನೂನು ಭಾವಿಸುತ್ತದೆ. 18ನೇ ಕಲಮಿನಡಿ ಮ್ಯಾಜಿಸ್ಟ್ರೇಟರು ಏಳು ದಿನಗಳಲ್ಲಿ ಮನೆ ಖಾಲಿ ಮಾಡಿಸಬಹುದು. 20ನೇ ಕಲಮಿನಡಿ ಊರಿನ ಒಂದು ಭಾಗದಿಂದಲೇ ಹೊರಹೋಗೆಂದು ಆದೇಶಿಸಬಹುದು. ಈ ಕಲಮನ್ನು ಸುಪ್ರೀಂ ಕೋರ್ಟ್ 1963ರಲ್ಲಿ, ಕಾನ್ಪುರದ ಹೆಂಗಸರ ಪ್ರಕರಣದಲ್ಲಿ ಎತ್ತಿಹಿಡಿದಿದೆ. ಹೀಗಾಗಿಯೇ ತಮ್ಮಂಥವರಿಗೆ ಬಾಡಿಗೆ ಕರಾರು ಸಿಗುವುದಿಲ್ಲ, ಸಿಕ್ಕರೂ ಎರಡು ಪಟ್ಟು ಬಾಡಿಗೆ. ಅಪರಾಧದ ಭಯ ಹೋದರೆ ಬಾಡಿಗೆ ತಕ್ಷಣ ಇಳಿಯುತ್ತದೆಂದು ಹೇಳಲಾಗದು, ಆದರೆ ಕರಾರುಪತ್ರ ಕೇಳುವ ಬಾಯಿ ಬರುತ್ತದೆ.

ಸದ್ಯಕ್ಕೆ ಒಂದು ಮಾತು. ಹೆಂಗಸರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಪಡೆಯುವ ಹಕ್ಕು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಲ್ಲಿದೆ. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ಪ್ರಾಧಿಕಾರದ ಕಚೇರಿಯಿರುತ್ತದೆ; ಸಹಾಯವಾಣಿ 15100. ಠಾಣೆಯಿಂದ ಕರೆ ಬಂದರೆ ಒಬ್ಬರೇ ಹೋಗಬೇಡಿ, ವಕೀಲರು ಬರುವವರೆಗೆ ಬರೆದುಕೊಟ್ಟ ಯಾವ ಕಾಗದಕ್ಕೂ ಸಹಿ ಹಾಕಬೇಡಿ. ಮೈಸೂರಿನ ಆಶೋದಯ ಸಮಿತಿ, ಬೆಂಗಳೂರಿನ ಸಾಧನಾ ಮಹಿಳಾ ಸಂಘದಂಥ, ಈ ವೃತ್ತಿಯಲ್ಲಿರುವವರೇ ಕಟ್ಟಿಕೊಂಡ ಸಂಘಗಳೂ ಇವೆ.

ಪ್ರಶ್ನೆ: ನಾನು ಇಬ್ಬರು ಹೆಣ್ಣುಮಕ್ಕಳ ತಾಯಿ. ಶಿಕ್ಷೆಯ ಹೆದರಿಕೆ ಇರುವಾಗಲೇ ಇಷ್ಟು ಕಳ್ಳಸಾಗಣೆ ನಡೆಯುತ್ತಿದೆ. ಅದನ್ನೂ ತೆಗೆದರೆ ಬಡವರ ಮನೆಯ ಹುಡುಗಿಯರ ಗತಿಯೇನು? — ಗೃಹಿಣಿ, ತುಮಕೂರು

ಉತ್ತರ: ನಿಮ್ಮ ಆತಂಕವನ್ನು ಹಗುರವಾಗಿ ಕಾಣುವವರ ಮಾತನ್ನು ನಾನೂ ನಂಬುವುದಿಲ್ಲ. ಮೊದಲು ಒಂದು ವಿಷಯ ಸ್ಪಷ್ಟವಾಗಲಿ: 18 ವರ್ಷದೊಳಗಿನವರ ವಿಷಯದಲ್ಲಿ ಒಪ್ಪಿಗೆಯೆಂಬ ಮಾತೇ ಇಲ್ಲ. ಪೋಕ್ಸೋ ಕಾಯ್ದೆ ಹಾಗೆಯೇ ಇರುತ್ತದೆ. ಬಲಾತ್ಕಾರ, ವಂಚನೆ, ಆಮಿಷಗಳಿಂದ ಸಾಗಿಸುವವರನ್ನು ಶಿಕ್ಷಿಸುವ, ಹಿಂದೆ ದಂಡ ಸಂಹಿತೆಯ 370ನೇ ಕಲಂ ಆಗಿದ್ದ ಮತ್ತು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಂ ಆಗಿರುವ ನಿಯಮವೂ ಹಾಗೆಯೇ ಇರುತ್ತದೆ. ಅಪರಾಧಮುಕ್ತಗೊಳಿಸಿ ಎನ್ನುವ ಗಂಭೀರ ಸಂಘಟನೆ ಯಾವುದೂ ಇವನ್ನು ತೆಗೆಯಿರಿ ಎಂದು ಕೇಳುತ್ತಿಲ್ಲ. ನ್ಯೂಜಿಲೆಂಡಿನಲ್ಲೂ ಅಪ್ರಾಪ್ತರ ಬಳಿ ಹೋದ ಗಿರಾಕಿಗೆ ಏಳು ವರ್ಷದವರೆಗೆ ಸೆರೆವಾಸವಿದೆ.

ಆದರೆ ಮಾರುಕಟ್ಟೆ ಬೆಳೆಯುತ್ತದೆಯೇ? ಇಲ್ಲಿ ಎರಡು ಕಡೆಯ ಪುರಾವೆಗಳೂ ಇವೆ. 2013ರಲ್ಲಿ ಸುಮಾರು 150 ದೇಶಗಳ ಅಂಕಿಅಂಶಗಳನ್ನು ಪರಿಶೀಲಿಸಿದ ಅರ್ಥಶಾಸ್ತ್ರಜ್ಞರು, ವೃತ್ತಿಯನ್ನು ಕಾನೂನುಬದ್ಧಗೊಳಿಸಿದ ದೇಶಗಳಿಗೆ ಕಳ್ಳಸಾಗಣೆಯ ಒಳಹರಿವು ಹೆಚ್ಚಿರುವುದಾಗಿ ವರದಿಯಾಗುತ್ತದೆಂದು ಕಂಡುಕೊಂಡರು. ವರದಿಯಾದದ್ದಕ್ಕೂ ನಡೆದದ್ದಕ್ಕೂ ಅಂತರವಿದೆ, ನಿಜ. ಹೀಗಿದ್ದರೂ ಆ ಅಧ್ಯಯನವನ್ನು ಪಕ್ಕಕ್ಕೆ ಸರಿಸುವುದು ಪ್ರಾಮಾಣಿಕತೆಯಲ್ಲ. ಇನ್ನೊಂದು ಕಡೆ, ಅಮೆರಿಕದ ರೋಡ್ ಐಲೆಂಡ್ ರಾಜ್ಯದಲ್ಲಿ ಕಾನೂನಿನಲ್ಲಿದ್ದ ಒಂದು ಲೋಪವನ್ನು 2003ರಲ್ಲಿ ನ್ಯಾಯಾಲಯ ಗುರುತಿಸಿದ್ದರಿಂದ, 2009ರವರೆಗೆ ನಾಲ್ಕು ಗೋಡೆಗಳೊಳಗಿನ ವೃತ್ತಿ ಅಪರಾಧವಾಗಿರಲಿಲ್ಲ. ಯಾರೂ ಯೋಜಿಸದೆ ನಡೆದ ಪ್ರಯೋಗ ಅದು. ಆ ಅವಧಿಯಲ್ಲಿ ಮಾರುಕಟ್ಟೆ ಬೆಳೆದದ್ದು ನಿಜ. ಜೊತೆಗೆ ರಾಜ್ಯದಲ್ಲಿ ವರದಿಯಾದ ಅತ್ಯಾಚಾರಗಳು ಸುಮಾರು ಶೇ 30ರಷ್ಟು, ಹೆಂಗಸರಲ್ಲಿ ಗೊನೊರಿಯಾ ಸೋಂಕು ಸುಮಾರು ಶೇ 40ರಷ್ಟು ಇಳಿದವೆಂದು ಸಂಶೋಧಕರು ತೋರಿಸಿದ್ದಾರೆ. ನ್ಯೂಜಿಲೆಂಡಿನ ಪರಿಶೀಲನಾ ಸಮಿತಿಯು 2008ರಲ್ಲಿ, ವೃತ್ತಿಯಲ್ಲಿರುವವರ ಸಂಖ್ಯೆ ಗಮನಾರ್ಹವಾಗಿ ಏರಿಲ್ಲವೆಂದು ವರದಿ ಮಾಡಿತು. ಗಿರಾಕಿಯನ್ನು ನಿರಾಕರಿಸುವ ಧೈರ್ಯ ಹೆಚ್ಚಿದೆಯೆಂದು ಶೇ 60ಕ್ಕೂ ಹೆಚ್ಚು ಮಂದಿ ಹೇಳಿದರು. ಹಾಗಿದ್ದೂ ಹಿಂಸೆಯಾದಾಗ ಪೊಲೀಸರ ಬಳಿ ಹೋಗಲು ಅನೇಕರು ಇನ್ನೂ ಹಿಂಜರಿಯುತ್ತಾರೆಂದೂ, ಕೆಲವು ಮಾಲೀಕರ ಶೋಷಣೆ ಮುಂದುವರಿದಿದೆಯೆಂದೂ ಅದೇ ವರದಿ ಒಪ್ಪಿಕೊಂಡಿತು. ತಾತ್ಕಾಲಿಕ ವೀಸಾದ ಮೇಲೆ ಬಂದವರಿಗೆ ಆ ಕಾಯ್ದೆಯ ರಕ್ಷಣೆ ಇಲ್ಲ. ಅವರು ಈ ವೃತ್ತಿ ಮಾಡಿದರೆ ಗಡೀಪಾರಾಗಬಹುದು. ಹಾಗಾಗಿ ಶೋಷಕನಿಗೆ ಸುಲಭವಾಗಿ ಸಿಕ್ಕಿಬೀಳುವವರು ಅವರೇ.

ನನ್ನ ಅಭಿಪ್ರಾಯ ಕೇಳಿದರೆ, ಕಳ್ಳಸಾಗಣೆಯ ಮೊದಲ ಸುಳಿವು ಸಿಗುವುದು ಅದೇ ಓಣಿಯಲ್ಲಿರುವ ಹೆಂಗಸರಿಗೆ. ಪಕ್ಕದ ಕೋಣೆಗೆ ಹದಿನೈದರ ಹುಡುಗಿಯನ್ನು ತಂದು ಕೂಡಿಹಾಕಿದ್ದನ್ನು ಕಂಡವಳು ಠಾಣೆಗೆ ಹೋಗಿ ಹೇಳಬೇಕಾದರೆ, ಹೇಳಿದವಳನ್ನೇ ಮೊದಲು ಒಳಗೆ ಹಾಕುವುದಿಲ್ಲವೆಂಬ ಭರವಸೆ ಅವಳಿಗೆ ಬೇಕು. ಈಗಿನ ಕಾಯ್ದೆಯಡಿ ಆ ಭರವಸೆಯನ್ನು ಯಾವ ಇನ್‌ಸ್ಪೆಕ್ಟರರೂ ಕಾನೂನುಬದ್ಧವಾಗಿ ಕೊಡಲಾರರು.

ಪ್ರಶ್ನೆ: ಹೆಂಗಸನ್ನು ಬಿಟ್ಟು ಗಿರಾಕಿಯನ್ನು ಶಿಕ್ಷಿಸುವ ಸ್ವೀಡನ್ನಿನ ಕಾನೂನು ನಮಗೆ ಹೊಂದುವುದಿಲ್ಲವೇ? — ವಿದ್ಯಾರ್ಥಿನಿ, ಮಂಗಳೂರು

ಉತ್ತರ: ಸ್ವೀಡನ್ 1999ರಲ್ಲಿ ಆರಂಭಿಸಿದ ಈ ದಾರಿಯನ್ನು ನಾರ್ವೆ, ಐಸ್‌ಲ್ಯಾಂಡ್, ಕೆನಡಾ, ಫ್ರಾನ್ಸ್, ಐರ್ಲೆಂಡ್ ಹಿಡಿದಿವೆ. ಕೊಳ್ಳುವವನು ತಪ್ಪಿತಸ್ಥ, ಮಾರುವವಳು ಸಂತ್ರಸ್ತೆ ಎಂಬ ಅದರ ತರ್ಕಕ್ಕೆ ನೈತಿಕ ಆಕರ್ಷಣೆಯಿದೆ, ಒಪ್ಪುತ್ತೇನೆ. ಆದರೆ ಬಂಧನದ ಭಯವಿರುವ ಗಿರಾಕಿ ಅವಸರ ಮಾಡುತ್ತಾನೆ, ನಿಜವಾದ ಹೆಸರು ಹೇಳುವುದಿಲ್ಲ, ಬೆಳಕಿಲ್ಲದ ಜಾಗಕ್ಕೆ ಕರೆಯುತ್ತಾನೆ; ಅಪಾಯವನ್ನು ಹೊರುವವಳು ಅವಳೇ. ಫ್ರಾನ್ಸಿನ 2016ರ ಕಾನೂನನ್ನು ಸುಮಾರು 260 ಮಂದಿ ಲೈಂಗಿಕ ಕಾರ್ಯಕರ್ತರು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದಲ್ಲಿ ಪ್ರಶ್ನಿಸಿದರು. 2024ರ ಜುಲೈನಲ್ಲಿ ನ್ಯಾಯಾಲಯವು ಹಕ್ಕಿನ ಉಲ್ಲಂಘನೆಯಾಗಿಲ್ಲವೆಂದು ತೀರ್ಪಿತ್ತರೂ, ಕಾನೂನಿನ ಪರಿಣಾಮಗಳನ್ನು ನಿರಂತರವಾಗಿ ಪರಿಶೀಲಿಸುತ್ತಿರಬೇಕೆಂದು ಸರ್ಕಾರಕ್ಕೆ ಹೇಳಿತು.

ನಮ್ಮಲ್ಲಿ ಗಿರಾಕಿಯ ಸ್ಥಾನವೇ ಗೊಂದಲ. 7ನೇ ಕಲಂ 200 ಮೀಟರಿನೊಳಗಿನ ಗಿರಾಕಿಯನ್ನೂ ಶಿಕ್ಷಿಸುತ್ತದೆ. ಅದರಾಚೆ, ಅಡ್ಡೆಯಲ್ಲಿ ಸಿಕ್ಕ ಗಿರಾಕಿಗಳ ಮೇಲಿನ ಮೊಕದ್ದಮೆಗಳನ್ನು ಕರ್ನಾಟಕ ಹೈಕೋರ್ಟ್ ಹಲವು ಬಾರಿ ರದ್ದುಪಡಿಸಿದೆ. ಕೇರಳ ಹೈಕೋರ್ಟ್ 2025ರಲ್ಲಿ ಇದಕ್ಕೆ ತಿರುಗಿ, ಗಿರಾಕಿ ಕೊಡುವ ಹಣವೇ ಹೆಂಗಸನ್ನು ವೃತ್ತಿಗೆ ಪ್ರೇರೇಪಿಸುವುದರಿಂದ 5ನೇ ಕಲಂ ಅವನಿಗೂ ಅನ್ವಯಿಸುತ್ತದೆಂದು ಹೇಳಿತು. ತಲಪಾಡಿಯ ಗಡಿ ದಾಟಿದರೆ ಕಾನೂನಿನ ಅರ್ಥವೇ ಬದಲಾಗುವ ಸ್ಥಿತಿ ಇದು. ಇನ್ನೊಂದು ಸೂಕ್ಷ್ಮ: 8ನೇ ಕಲಮಿನಡಿ ಗಿರಾಕಿಯನ್ನು ಸೆಳೆದ ಹೆಂಗಸಿಗೆ ಆರು ತಿಂಗಳವರೆಗೆ ಸೆರೆವಾಸ, ಅದೇ ಅಪರಾಧ ಮಾಡಿದ ಗಂಡಸಿಗೆ ಏಳು ದಿನದಿಂದ ಮೂರು ತಿಂಗಳು. ಅದರ ಮೇಲೆ, 10ಎ ಕಲಂ ಬಳಸಿ ಆ ಹೆಂಗಸನ್ನು ಸೆರೆವಾಸದ ಬದಲು ಎರಡರಿಂದ ಐದು ವರ್ಷ ತಿದ್ದುಪಡಿ ಸಂಸ್ಥೆಯಲ್ಲಿ ಇಡಬಹುದು. ಸುಧಾರಣೆಯ ಹೆಸರಿನಲ್ಲಿ ಶಿಕ್ಷೆಗಿಂತ ಹತ್ತು ಪಟ್ಟು ಹೆಚ್ಚು ಕಾಲ!

ಪ್ರಶ್ನೆ: ನಮ್ಮ ಬಡಾವಣೆಯ ಪಕ್ಕದ ಮನೆಯಲ್ಲೇ ಅಡ್ಡೆ ತೆರೆದರೆ ಕೇಳುವವರು ಯಾರು? — ನಿವಾಸಿಗಳ ಸಂಘದ ಪದಾಧಿಕಾರಿ, ಬೆಂಗಳೂರು

ಉತ್ತರ: ಪಕ್ಕದ ಮನೆಯಲ್ಲಿ ಕಲ್ಯಾಣ ಮಂಟಪ ಅಥವಾ ವೆಲ್ಡಿಂಗ್ ಶೆಡ್ ತೆರೆದರೆ ಯಾರು ಕೇಳುತ್ತಾರೋ ಅವರೇ. ನ್ಯೂ ಸೌತ್ ವೇಲ್ಸಿನಲ್ಲಿ ಭೂಬಳಕೆಯ ಅನುಮತಿಯಿಲ್ಲದ ಅಡ್ಡೆಯನ್ನು ಸ್ಥಳೀಯ ಆಡಳಿತ ಮುಚ್ಚಿಸುತ್ತದೆ. ನ್ಯೂಜಿಲೆಂಡಿನಲ್ಲಿ ಯಾವ ಬೀದಿಯಲ್ಲಿ ಇರಬಹುದು, ಫಲಕ ಹೇಗಿರಬೇಕೆಂಬುದನ್ನು ನಗರಸಭೆಗಳ ಉಪನಿಯಮಗಳು ನಿರ್ಧರಿಸುತ್ತವೆ. ಗದ್ದಲ, ಕಿರುಕುಳಕ್ಕೆ ಬೇರೆ ಕಾನೂನುಗಳಿವೆ. ಆದರೆ ವಸತಿ ಬಡಾವಣೆಯಲ್ಲಿ ವಾಣಿಜ್ಯ ಚಟುವಟಿಕೆಯನ್ನು ನಮ್ಮ ಪಾಲಿಕೆಗಳು ಎಷ್ಟರ ಮಟ್ಟಿಗೆ ತಡೆದಿವೆ ಎಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ.

ಪ್ರಶ್ನೆ: ನಮ್ಮ ಭಾಗದಲ್ಲಿ ದೇವದಾಸಿ ಪದ್ಧತಿಯ ವಿರುದ್ಧ ಹೋರಾಡಿದವರು ಈ ಬೇಡಿಕೆಯನ್ನು ಅನುಮಾನದಿಂದ ನೋಡುತ್ತಾರೆ. ಇದರಿಂದ ಹುಡುಗಿಯರನ್ನು ದೇವರಿಗೆ ಬಿಟ್ಟು ಮುತ್ತು ಕಟ್ಟುವವರಿಗೆ ಮತ್ತೆ ಬಲ ಬರುವುದಿಲ್ಲವೇ? — ಶಿಕ್ಷಕರು, ಬೆಳಗಾವಿ ಜಿಲ್ಲೆ

ಉತ್ತರ: ಅನುಮಾನಕ್ಕೆ ಇತಿಹಾಸದ ಕಾರಣವಿದೆ. ದಲಿತ ಮನೆಗಳ ಹುಡುಗಿಯರಿಗೆ ಮುತ್ತು ಕಟ್ಟಿ, ಆಮೇಲೆ ಅವರನ್ನು ಮುಂಬಯಿ, ಪುಣೆ, ಸಾಂಗ್ಲಿಗಳ ಓಣಿಗಳಿಗೆ ಸಾಗಿಸಿದ್ದನ್ನು ಈ ಭಾಗ ಕಂಡಿದೆ. ಅಲ್ಲಿ ಆಯ್ಕೆಯೆಂಬ ಪದವನ್ನು ಬಳಸಲು ನನಗೂ ನಾಲಿಗೆ ತೊಡರುತ್ತದೆ. ಆದರೆ ಮುತ್ತು ಕಟ್ಟುವುದನ್ನು ಅಪರಾಧವಾಗಿಸಿದ್ದು ಕರ್ನಾಟಕದ 1982ರ ಕಾಯ್ದೆ. ಅದು ಶಿಕ್ಷಿಸುವುದು ಕಟ್ಟಿದವರನ್ನು, ಹೆತ್ತವರೇ ಕಟ್ಟಿಸಿದ್ದರೆ ಅವರನ್ನು ಇನ್ನೂ ಹೆಚ್ಚಾಗಿ. 1956ರ ಕಾಯ್ದೆಯ ಕೆಲವು ಕಲಮುಗಳನ್ನು ತೆಗೆದರೆ ಆ ಕಾಯ್ದೆಗೆ ಯಾವ ಧಕ್ಕೆಯೂ ಇಲ್ಲ, ಇರಲೂಬಾರದು.

ಇನ್ನೊಂದು ಮುಖವನ್ನೂ ನೋಡಿ. ಸಾಂಗ್ಲಿಯಲ್ಲಿ 1996ರಲ್ಲಿ ಹುಟ್ಟಿದ ವ್ಯಾಂಪ್ ಎಂಬ ಲೈಂಗಿಕ ಕಾರ್ಯಕರ್ತೆಯರ ಸಂಘಟನೆಯ ಸದಸ್ಯರಲ್ಲಿ ಬಹಳ ಮಂದಿ ದೇವದಾಸಿ ಹಿನ್ನೆಲೆಯ, ಮನೆಮಾತು ಕನ್ನಡವಾದ ಹೆಂಗಸರು. ನಿಪ್ಪಾಣಿಯವರೆಗೂ ಅವರ ಕೆಲಸ ಹಬ್ಬಿದೆ. ಅಪರಾಧಮುಕ್ತಗೊಳಿಸಿ ಎಂಬ ಬೇಡಿಕೆಯನ್ನು ಗಟ್ಟಿಯಾಗಿ ಎತ್ತಿದವರಲ್ಲಿ ಅವರೂ ಸೇರಿದ್ದಾರೆ. ಪದ್ಧತಿಯಿಂದ ನೊಂದವರೇ, ದಾಳಿಯಿಂದಲೂ ನೊಂದೆವೆಂದು ಹೇಳುವಾಗ, ಅವರ ಮೊದಲ ನೋವನ್ನು ನಂಬಿ ಎರಡನೆಯದನ್ನು ನಂಬದಿರುವುದು ನ್ಯಾಯವಲ್ಲ. ನಮ್ಮ ಸರ್ಕಾರಿ ಕಡತಗಳು ಈ ವೃತ್ತಿಯಲ್ಲಿರುವವರನ್ನು 'ದಮನಿತ ಮಹಿಳೆಯರು' ಎಂದು ಕರೆಯುತ್ತವೆ. ದಮನ ಮಾಡಿದವರ ಪಟ್ಟಿಯಲ್ಲಿ ಇಲಾಖೆಗಳ ಹೆಸರೂ ಇರಬೇಕಾಗುತ್ತದೆಂಬುದು ಬಹುಶಃ ಆ ಪದವನ್ನು ಆರಿಸಿದವರಿಗೆ ಹೊಳೆದಿರಲಿಕ್ಕಿಲ್ಲ.

ಪ್ರಶ್ನೆ: ಆಧಾರ್, ಪಡಿತರ ಚೀಟಿಗಳಿಗೂ ಸಂಸತ್ತು ಕಾನೂನು ತಿದ್ದುವವರೆಗೆ ಇವರು ಕಾಯಬೇಕೇ? — ಸಮಾಲೋಚಕಿ, ಕಲಬುರಗಿ

ಉತ್ತರ: ಬೇಕಾಗಿಲ್ಲ. ಪಡಿತರ ಚೀಟಿ ಮತ್ತು ಮತದಾರರ ಗುರುತಿನ ಚೀಟಿ ಕೊಡಬೇಕೆಂದು ಸುಪ್ರೀಂ ಕೋರ್ಟ್ 2021ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಆದೇಶಿಸಿದೆ. ವಿಳಾಸದ ದಾಖಲೆ ಇಲ್ಲದವರಿಗೂ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ ಗೆಜೆಟೆಡ್ ಅಧಿಕಾರಿ ಅಥವಾ ರಾಜ್ಯದ ಏಡ್ಸ್ ನಿಯಂತ್ರಣ ಸಂಸ್ಥೆಯ ಯೋಜನಾ ನಿರ್ದೇಶಕರು ನಿಗದಿತ ನಮೂನೆಯಲ್ಲಿ ನೀಡುವ ಪ್ರಮಾಣಪತ್ರದ ಆಧಾರದ ಮೇಲೆ ಆಧಾರ್ ಕೊಡಬೇಕೆಂಬುದು 2022ರ ಮೇ ಆದೇಶದ ಭಾಗ. ಕಾರ್ಡು ಪಡೆದವರು ಈ ವೃತ್ತಿಯವರೆಂದು ಗುರುತಿಸುವ ಯಾವ ಸಂಕೇತವೂ ನೋಂದಣಿ ಸಂಖ್ಯೆಯಲ್ಲಿ ಇರಕೂಡದು. ಆದೇಶದ ಪ್ರತಿಯನ್ನು ಮುದ್ರಿಸಿ ಜೊತೆಗೆ ಒಯ್ಯಿರಿ. ಕೌಂಟರಿನಲ್ಲಿ ಎಲ್ಲರ ಮುಂದೆ ಓದಿ ಹೇಳಬೇಡಿ, ಅಧಿಕಾರಿಯ ಕೈಗೇ ಕೊಡಿ.